ಹಳೇ ಮಾನಿಟರಿನಲ್ಲಿ ಅಕ್ಷರ ಮಸುಕಾಗಿ ಕಾಣುತ್ತಿದೆ, ಗುಜರಿಗೆ ಹಾಕಬೇಕಾ?

ಹೊಸ ಲ್ಯಾಪ್‌ಟಾಪಿಗೆ ಮನೆಯಲ್ಲಿದ್ದ 19 ಇಂಚಿನ ಚೌಕದ ಮಾನಿಟರ್ ಸೇರಿಸಿದ್ದೀರಿ. ಮಧ್ಯೆ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯನ್ನು ಮಾನಿಟರಿನ ಹಳೇ ವಿಜಿಎ ಕಿಂಡಿಗೆ ಹೊಂದಿಸುವ ಅಡಾಪ್ಟರ್ ಇದೆ. ಚಿತ್ರ ಬರುತ್ತದೆ, ಆದರೆ ಅಕ್ಷರವೆಲ್ಲ ಮಂಜು ಮಂಜು. ಗುಜರಿಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ. ಮೊದಲು ಮಾನಿಟರನ್ನು ತಿರುಗಿಸಿ ಅದರ ಬೆನ್ನು ನೋಡಿ.

ನಾನು ಮಂಡ್ಯದಲ್ಲಿ ಲಗ್ನಪತ್ರಿಕೆ, ಕರಪತ್ರ ಡಿಟಿಪಿ ಮಾಡುವವನು. ನಿಮ್ಮಂಥದ್ದೇ ಜೋಡಣೆಯಲ್ಲಿ ಒಮ್ಮೆ ‘ವಧು’ ಬದಲು ‘ವದು’ ಅಂತ ಟೈಪ್ ಮಾಡಿ, ತಿದ್ದುವಾಗಲೂ ಗೊತ್ತಾಗದೆ, ಹಾಗೇ ಪ್ರಿಂಟಿಗೆ ಕಳಿಸಿಬಿಟ್ಟೆ. ದ, ಧ ಎರಡಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಪರದೆಯಲ್ಲಿ ಅದು ಅಕ್ಷರದೊಳಗೇ ಕರಗಿಹೋಗಿತ್ತು. ಹುಡುಗಿಯ ಸೋದರಮಾವ ಕಾರ್ಡು ಕೈಗೆತ್ತಿಕೊಂಡ ತಕ್ಷಣ ತೋರಿಸಿದರು. ಕೈಯಿಂದ ದುಡ್ಡು ಹಾಕಿ ಮತ್ತೆ ಅಚ್ಚು ಹಾಕಿಸಿದೆ. ಅವತ್ತು ರಾತ್ರಿ ಕೂತು ಈ ಮಸುಕಿನ ಮೂಲ ಹುಡುಕಿದೆ.

ವಿಷಯ ಇಷ್ಟು. ಹಿಂದಿನ ಡಬ್ಬಾ ಮಾನಿಟರಿಗೆ ಇಂತಿಷ್ಟೇ ಚುಕ್ಕಿ ಅನ್ನುವ ಕಟ್ಟುನಿಟ್ಟು ಇರಲಿಲ್ಲ. ನಿಮ್ಮದರಂಥ ತೆಳು ಎಲ್‌ಸಿಡಿ ಹಾಗಲ್ಲ, ಅದರ ಚುಕ್ಕಿಗಳು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿದವು. ಚೌಕದ 17, 19 ಇಂಚಿನವು ಸಾಮಾನ್ಯವಾಗಿ 1280×1024, ಅಂದರೆ ಅಡ್ಡಕ್ಕೆ 1280, ಮೇಲಿಂದ ಕೆಳಕ್ಕೆ 1024 ಚುಕ್ಕಿ. ಅಗಲದ 19 ಇಂಚು ಆದರೆ 1440×900, 22 ಇಂಚು ಆದರೆ ಹೆಚ್ಚಾಗಿ 1680×1050. ಕಂಪ್ಯೂಟರ್ ಸರಿಯಾಗಿ ಅಷ್ಟೇ ಚುಕ್ಕಿ ಕಳಿಸಬೇಕು. ಬೇರೆ ಲೆಕ್ಕ ಕಳಿಸಿದರೆ ಮಾನಿಟರ್ ಅದನ್ನು ಎಳೆದು ಹಿಗ್ಗಿಸಿ ತನ್ನ ಮನೆಗಳಲ್ಲಿ ತುಂಬುತ್ತದೆ. ಒಂದು ಗೆರೆ ಒಂದೂವರೆ ಚುಕ್ಕಿಗೆ ಬಂದರೆ ಅರ್ಧ ಚುಕ್ಕಿ ಬೂದಿ ಬಣ್ಣವೇ ಆಗಬೇಕು, ಅಲ್ವಾ?

ಇಲ್ಲಿ ಜಾಸ್ತಿ ಜನ ಎಡವುವುದು ‘ಡೂಪ್ಲಿಕೇಟ್’ನಲ್ಲಿ. ಲ್ಯಾಪ್‌ಟಾಪ್ 1920×1080, ಮಾನಿಟರ್ 1280×1024. ಎರಡರಲ್ಲೂ ಒಂದೇ ಚಿತ್ರ ತೋರಿಸು ಅಂದರೆ ವಿಂಡೋಸ್ ಇಬ್ಬರಿಗೂ ಒಪ್ಪುವ ಯಾವುದೋ ಒಂದು ಲೆಕ್ಕ ಹಿಡಿಯುತ್ತದೆ. ಅದು ಹೆಚ್ಚಿನ ಸಲ ನಿಮ್ಮ ಮಾನಿಟರಿನದ್ದಾಗಿರುವುದಿಲ್ಲ. ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಎಕ್ಸ್‌ಟೆಂಡ್’ ಇಲ್ಲವೇ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆ ಮಾನಿಟರನ್ನೇ ಆರಿಸಿಕೊಂಡು ರೆಸಲ್ಯೂಶನ್, ಅಂದರೆ ಈ ಚುಕ್ಕಿ ಲೆಕ್ಕ, ಬದಲಿಸಿ. ನನ್ನ ಅರ್ಧ ಮಂಜು ಇಷ್ಟಕ್ಕೇ ಹೋಯಿತು.

ಈಗ ಬೆನ್ನಿನ ಮಾತು. ನೀಲಿ ವಿಜಿಎ ಕಿಂಡಿಯ ಪಕ್ಕ ಬಿಳಿಯದೊಂದು ಅಗಲದ ಕಿಂಡಿ ಇದೆಯಾ? ಅದು ಡಿವಿಐ. ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅಡಾಪ್ಟರ್ ಪಕ್ಕಕ್ಕಿಟ್ಟು ಎಚ್‌ಡಿಎಂಐ–ಡಿವಿಐ ಕೇಬಲ್ ತನ್ನಿ, ಕೆಲವು ನೂರು ರೂಪಾಯಿಯ ಮಾತು. ಎರಡರಲ್ಲೂ ಚಿತ್ರ ಹರಿಯುವುದು ಒಂದೇ ಡಿಜಿಟಲ್ ರೂಪದಲ್ಲಿ, ಹಾಗಾಗಿ ಮಧ್ಯೆ ಏನನ್ನೂ ಬದಲಿಸುವ ಕೆಲಸವಿಲ್ಲ. ಧ್ವನಿ ಮಾತ್ರ ಮಾನಿಟರಿಗೆ ಬರುವುದಿಲ್ಲ, ಅದನ್ನು ಲ್ಯಾಪ್‌ಟಾಪಿನಲ್ಲೇ ಕೇಳಿ. ನನ್ನ ಮಾನಿಟರಿನಲ್ಲೂ ಈ ಕಿಂಡಿ ಇತ್ತು. ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಅಷ್ಟು ವರ್ಷ ಯಾರೂ ತೆಗೆದಿರಲಿಲ್ಲ!

ವಿಜಿಎ ಒಂದೇ ಇದ್ದರೆ ಸ್ವಲ್ಪ ಕೈಕೆಲಸ ಇದೆ. ವಿಜಿಎ 1987ರಲ್ಲಿ ಐಬಿಎಂ ತಂದದ್ದು, ಡಬ್ಬಾ ಮಾನಿಟರುಗಳ ಕಾಲದ್ದು. ನಿಮ್ಮ ಅಡಾಪ್ಟರ್ ಚುಕ್ಕಿಗಳನ್ನು ಏರಿಳಿಯುವ ವೋಲ್ಟೇಜ್ ಮಾಡಿ ಕಳಿಸುತ್ತದೆ. ಮಾನಿಟರ್ ಅದನ್ನು ಅಳೆದು ಮತ್ತೆ ಚುಕ್ಕಿ ಮಾಡಿಕೊಳ್ಳುತ್ತದೆ. ಅಳೆಯುವ ಹೊತ್ತು ಅರ್ಧ ಚುಕ್ಕಿಯಷ್ಟು ಜಾರಿದರೂ ನಿಂತ ಗೆರೆಗಳೆಲ್ಲ ಜೋಡಿಯಾಗಿ, ನಡುಗಿದಂತೆ ಕಾಣುತ್ತವೆ. ಅದನ್ನು ಸರಿಮಾಡಲೆಂದೇ ಮಾನಿಟರಿನಲ್ಲಿ ‘ಆಟೋ’ ಬಟನ್ ಇರುತ್ತದೆ. ಅದನ್ನು ಕಪ್ಪು ವಾಲ್‌ಪೇಪರ್ ಮೇಲೆ ಒತ್ತಿದರೆ ಪ್ರಯೋಜನವಿಲ್ಲ, ಚಿತ್ರದ ಅಂಚು ಎಲ್ಲಿದೆ ಅಂತ ಪಾಪ ಅದಕ್ಕೆ ಹೇಗೆ ತಿಳಿಯಬೇಕು? ಪೂರ್ತಿ ಪರದೆಗೆ ಬಿಳಿ ಪುಟ ತೆರೆದು, ಅದರ ತುಂಬ ಅಕ್ಷರ ತುಂಬಿಸಿ, ಆಮೇಲೆ ಒತ್ತಿ.

ಅದರಲ್ಲೂ ಆಗದಿದ್ದರೆ ಮಾನಿಟರಿನ ಮೆನುವಿನಲ್ಲಿ ಕ್ಲಾಕ್ (Clock), ಫೇಸ್ (Phase) ಅಂತ ಎರಡು ಇರುತ್ತವೆ. ಮೊದಲು ಕ್ಲಾಕ್. ಪರದೆಯ ಮೇಲೆ ಅಗಲ ಅಗಲ ಪಟ್ಟೆಗಳಂತೆ ಕಾಣುವ ಮಸುಕು ಹೋಗುವ ತನಕ ತಿರುಗಿಸಿ. ಆಮೇಲೆ ಫೇಸ್, ಉಳಿದ ನಡುಕ ನಿಲ್ಲುವ ತನಕ. ಪರೀಕ್ಷೆಗೆ ನಾನು ಸಣ್ಣ ಅಕ್ಷರದಲ್ಲಿ ‘ದಧ ಪಫ ಡಢ ಬಭ’ ಅಂತ ಸಾಲು ಸಾಲು ಟೈಪ್ ಮಾಡಿಟ್ಟುಕೊಳ್ಳುತ್ತೇನೆ. ಇಂಗ್ಲಿಷ್ ಅಕ್ಷರ ಇಷ್ಟು ಬೇಗ ಸತ್ಯ ಹೇಳುವುದಿಲ್ಲ.

ರಿಫ್ರೆಶ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡಬೇಕು ಅನ್ನುವ ಲೆಕ್ಕ, 60 ಹರ್ಟ್ಸ್‌ನಲ್ಲೇ ಇರಲಿ. 1280×1024ಕ್ಕೆ 60ರಲ್ಲಿ ಸೆಕೆಂಡಿಗೆ 10.8 ಕೋಟಿ ಚುಕ್ಕಿಯ ವೇಗ ಬೇಕು, 75ರಲ್ಲಿ 13.5 ಕೋಟಿ. ತೆಳು ವಿಜಿಎ ಕೇಬಲ್ ಅಷ್ಟು ವೇಗಕ್ಕೆ ಅಂಚುಗಳನ್ನು ಮೊಂಡು ಮಾಡಿಬಿಡುತ್ತದೆ.

ಬೇಕಾದ ರೆಸಲ್ಯೂಶನ್ ಪಟ್ಟಿಯಲ್ಲೇ ಕಾಣದಿದ್ದರೆ ನನ್ನ ಅನುಮಾನ ಕೇಬಲ್ ಮೇಲೆ. ಮಾನಿಟರ್ ‘ನಾನು ಇಂಥವನು’ ಅಂತ ಹೇಳಿಕೊಳ್ಳಲು ಕೇಬಲಿನಲ್ಲಿ ಬೇರೆ ಪಿನ್‌ಗಳಿವೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಆ ತಂತಿಗಳೇ ಇರುವುದಿಲ್ಲ. ಪರಿಚಯ ಇಲ್ಲದ ಮಾನಿಟರಿಗೆ ವಿಂಡೋಸ್ 1024×768ರಂಥ ಏನೋ ಒಂದು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಡ್ರೈವರ್ ಮೇಲೆ ಸುಮ್ನೆ ಡ್ರೈವರ್ ಹಾಕಿ ರಾತ್ರಿ ಕಳೆಯಬೇಡಿ, ಬೇರೆ ಕೇಬಲ್ ಹಾಕಿ ನೋಡಿ.

ಇದೆಲ್ಲ ಆದ ಮೇಲೆ ಸ್ಟಾರ್ಟ್‌ನಲ್ಲಿ ‘ಕ್ಲಿಯರ್‌ಟೈಪ್’ (ಅಕ್ಷರದ ಅಂಚು ತಿದ್ದುವ ವಿಂಡೋಸಿನದ್ದೇ ಸೌಲಭ್ಯ) ಹುಡುಕಿ, ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಹಿತವಾದದ್ದನ್ನು ಆರಿಸಿ. ಮೊದಲೇ ಮಾಡಿದರೆ ದಂಡ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಒಂದು ಇಂಚಿಗೆ ಸುಮಾರು 141 ಚುಕ್ಕಿ. ನಿಮ್ಮ ಮಾನಿಟರಿನಲ್ಲಿ ಸುಮಾರು 86. ಅಕ್ಷರ ಸ್ಪಷ್ಟವಾಗುತ್ತದೆ, ನಯವಾಗುವುದಿಲ್ಲ. ಪಕ್ಕಪಕ್ಕ ಇಟ್ಟು ಹೋಲಿಸಿದರೆ ಬೇಜಾರಾಗುತ್ತದೆ.

ಇನ್ನು ಅಡಾಪ್ಟರನ್ನೇ ಬದಲಿಸುವ ಹಾಗಿದ್ದರೆ ಲ್ಯಾಪ್‌ಟಾಪನ್ನು ಅಂಗಡಿಗೇ ಒಯ್ದು, ಹಾಕಿ ನೋಡಿ ತಗೊಳ್ಳಿ. ಪಕ್ಕದಲ್ಲಿ ಯುಎಸ್‌ಬಿ ಕರೆಂಟಿಗೂ ಒಂದು ಕಿಂಡಿ ಇರುವಂಥದ್ದು ಕೇಳಿ. ಮೈಸೂರಿನಲ್ಲಿ ನಾನು ತಂದ ಮೊದಲನೆಯದಕ್ಕೆ ಅದಿರಲಿಲ್ಲ, ಹತ್ತು ನಿಮಿಷಕ್ಕೊಮ್ಮೆ ಪರದೆ ಕಣ್ಣು ಮುಚ್ಚಿ ತೆರೆಯುತ್ತಿತ್ತು.