‘ಡಾರ್ಕ್’ ಮೊದಲ ಸೀಸನ್: ಐದನೇ ಕಂತೇ ಮೊದಲು

ಎರಡನೇ ಸೀಸನ್ ಶುರು ಮಾಡೋ ಮುಂಚೆ, ಕಾಲಪ್ರಯಾಣದ ಜರ್ಮನ್ ವೆಬ್ ಸರಣಿ ‘ಡಾರ್ಕ್’ನ ಮೊದಲ ಸೀಸನ್ನಿನ 10 ಕಂತುಗಳಲ್ಲಿ ಯಾವ ಮೂರನ್ನು ಮತ್ತೆ ನೋಡಲಿ ಅಂತ ಕೇಳಿದ್ದೀರಿ. ಯೋಚನೆಯೇ ಬೇಡ, ಮೊದಲು ಐದನೆಯದು. 2019ರಲ್ಲಿ ಕಾಣೆಯಾದ ಪುಟ್ಟ ಮಿಕೆಲ್ಲೇ 1986ಕ್ಕೆ ಹೋಗಿ, ಅಲ್ಲೇ ಬೆಳೆದು ಕಥಾನಾಯಕ ಯೋನಾಸ್‌ನ ಅಪ್ಪನಾದ ಅಂತ ಯೋನಾಸ್‌ಗೆ ಪತ್ರದಿಂದ ಗೊತ್ತಾಗುತ್ತಲ್ಲ, ಅಲ್ಲಿ ನನಗೆ ಈಗಲೂ ಗಂಟಲು ಕಟ್ಟುತ್ತೆ. ಆಮೇಲೆ ಎಂಟು. 1953ರಲ್ಲಿ ಮಿಕೆಲ್‌ನ ಅಪ್ಪ ಉಲ್ರಿಚ್ ಹುಡುಗ ಹೆಲ್ಗೆಗೆ ಕಲ್ಲಿನಿಂದ ಹೊಡೆಯುತ್ತಾನೆ. ಮುದುಕ ಹೆಲ್ಗೆಯ ಕಿವಿ ಹತ್ತಿರದ ಆ ಕಲೆಯನ್ನು ಅಷ್ಟೊತ್ತಿಗೆ ಎಷ್ಟು ಸಲ ನೋಡಿರ್ತೀವಿ! ಮಕ್ಕಳು ಕಾಣೆಯಾಗೋದಕ್ಕೆ ಹೆಲ್ಗೆಯೇ ಕಾರಣ ಅಂತ ಅದನ್ನು ತಡೆಯೋಕೆ ಹೋದವನೇ ಆ ಗಾಯ ಮಾಡಿಟ್ಟ. ಕೊನೆಗೆ ಮೂರನೇ ಕಂತು: ಒಬ್ಬರದೇ ಎರಡು ವಯಸ್ಸನ್ನು ಅಕ್ಕಪಕ್ಕ ತೋರಿಸುವ ಭಾಗ ನೋಡಿಕೊಂಡರೆ ಯಾರು ಯಾರೆಂಬ ಗೊಂದಲ ಅರ್ಧ ಕಳೆಯುತ್ತೆ. ಡಬ್ಬಿಂಗ್ ಬೇಡ, ಜರ್ಮನ್‌ನಲ್ಲೇ ನೋಡಿ.