ಬರೆದುಕೊಳ್ಳುವವರು ತಡೆದು ಕೇಳಲಿ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ನ್ಯಾಯಾಲಯದಲ್ಲಿ ಆಡಿದ ಪ್ರತಿ ಮಾತನ್ನೂ ಬರೆದುಕೊಳ್ಳುವ ಕೋರ್ಟ್ ರಿಪೋರ್ಟರುಗಳ ಬಗ್ಗೆ, ಮಾತು ನಡೆಯುತ್ತಿರುವಾಗಲೇ ಅದನ್ನು ಪರದೆಯ ಮೇಲೆ ಅಕ್ಷರವಾಗಿ ತೋರಿಸುವ ಲೈವ್ ಕ್ಯಾಪ್ಶನ್ ಬರೆಯುವವರ ಬಗ್ಗೆ ಬಂದ ಲೇಖನ ಓದಿದೆ. ನನ್ನ ತಂಗಿಯ ಮಗಳೂ ಓದಿದಳು. ಈಗ ಅದೇ ಕೆಲಸ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಇದೆಲ್ಲ ಕೊನೆಗೆ ಟೈಪಿಂಗ್ ತಾನೇ? ಈಗ ರೆಕಾರ್ಡಿಂಗ್ ಇದೆ. ಮಾತನ್ನು ತಾನೇ ಅಕ್ಷರ ಮಾಡುವ ಸಾಫ್ಟ್‌ವೇರ್ ಇದೆ. ಮುಗಿದುಹೋಗುವ ಕೆಲಸಕ್ಕೆ ಮಕ್ಕಳನ್ನು ಹುರಿದುಂಬಿಸುವುದು ಸರಿಯೇ? ದಯವಿಟ್ಟು ಅವಳಿಗೆ ನಾಲ್ಕು ಬುದ್ಧಿಮಾತು ಬರೆಯಿರಿ. ಹೆಸರು ಹಾಕಬೇಡಿ.”

ಮಾನ್ಯರೇ,

ಹೆಸರು ಹಾಕಿಲ್ಲ. ನಿಮ್ಮ ಮಾತಿನಲ್ಲಿ ನಿಜ ಇರುವಷ್ಟನ್ನು ಮೊದಲೇ ಒಪ್ಪುತ್ತೇನೆ. ಸಾಫ್ಟ್‌ವೇರ್ ಬಂದಿದೆ, ಸುಧಾರಿಸುತ್ತಲೂ ಇದೆ. ಬರೆದುಕೊಡುವವರು ಯಾರೂ ಸಿಗದ ಕಡೆ, ಕಿವಿ ಕೇಳದವರೊಬ್ಬರು ಫೋನ್ ಹಿಡಿದು ಎದುರಿನವರ ಮಾತನ್ನು ಓದಬಹುದು ಅಂದರೆ ಅದು ಸಣ್ಣ ಉಪಕಾರ ಅಲ್ಲ. ಆದರೆ ನಿಮ್ಮ ‘ಟೈಪಿಂಗ್ ತಾನೇ’ ಅನ್ನುವ ಮಾತು ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ.

ಇವರು ಬರೆಯಲು ಬಳಸುವ ಸ್ಟೆನೋಟೈಪ್ ಯಂತ್ರದಲ್ಲಿ ಇರುವುದು 22 ಕೀಗಳು. ಅಲ್ಲಿ ಅಕ್ಷರ ಅಕ್ಷರವಾಗಿ ಹೊಡೆಯುವುದಿಲ್ಲ. ಹಾರ್ಮೋನಿಯಂನಲ್ಲಿ ಮೂರು ನಾಲ್ಕು ಮನೆ ಒಟ್ಟಿಗೆ ಒತ್ತುವ ಹಾಗೆ ಒತ್ತುತ್ತಾರೆ. ಎಡಗೈ ಬೆರಳುಗಳಿಗೆ ಶುರುವಿನ ವ್ಯಂಜನ, ಹೆಬ್ಬೆರಳುಗಳಿಗೆ ಸ್ವರ, ಬಲಗೈಗೆ ಕೊನೆಯ ವ್ಯಂಜನ. ಒಂದು ಸಲ ಒತ್ತಿದರೆ ಒಂದು ಉಚ್ಚಾರ. ಕೆಲವೊಮ್ಮೆ ಮತ್ತೆ ಮತ್ತೆ ಬರುವ ಒಂದಿಡೀ ನುಡಿಗಟ್ಟು. ಕಂಪ್ಯೂಟರ್ ಅದನ್ನು ಆಯಾ ರಿಪೋರ್ಟರರ ಸ್ವಂತ ನಿಘಂಟಿನ ಜೊತೆ ಹೋಲಿಸಿ ಪದ ಮಾಡುತ್ತದೆ. ಆ ನಿಘಂಟನ್ನು ಅವರೇ ವರ್ಷಗಟ್ಟಲೆ ಕಟ್ಟಿರುತ್ತಾರೆ. ವಿಚಾರಣೆಗೆ ಮೊದಲೇ ಸಾಕ್ಷಿಗಳ ಹೆಸರು, ಔಷಧಿಗಳ ಹೆಸರು, ಯಂತ್ರದ ಭಾಗಗಳ ಹೆಸರು ಕೇಳಿ ತರಿಸಿಕೊಂಡು ಅದರೊಳಗೆ ಸೇರಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ಕೋರ್ಟ್ ರಿಪೋರ್ಟರುಗಳ ಸಂಘ ಕೊಡುವ ವೃತ್ತಿ ಪ್ರಮಾಣಪತ್ರ ಬೇಕಾದರೆ, ಸಾಕ್ಷಿ ವಿಚಾರಣೆಯ ಮಾತನ್ನು ನಿಮಿಷಕ್ಕೆ 225 ಪದಗಳ ವೇಗದಲ್ಲಿ, ನೂರಕ್ಕೆ 95ರಷ್ಟು ಸರಿಯಾಗಿ ಬರೆಯಬೇಕು. ಅದು ಬಾಗಿಲು ಮಾತ್ರ. ಇಪ್ಪತ್ತು ಪದಕ್ಕೆ ಒಂದು ತಪ್ಪಾದರೆ, ಆ ಒಂದು ಪದ ‘ಇಲ್ಲ’ ಆಗಿರಬಹುದು ಅಲ್ವಾ? ‘ನಾನು ನೋಡಿಲ್ಲ’ ಅಂದವನು ‘ನೋಡಿದೆ’ ಅಂದ ಹಾಗಾಗುತ್ತದೆ.

ಆದರೆ ನನ್ನ ಗೌರವ ಇರುವುದು ಈ ವೇಗಕ್ಕಿಂತ ಹೆಚ್ಚಾಗಿ ಇನ್ನೊಂದರ ಮೇಲೆ. ನ್ಯಾಯಾಧೀಶರು, ವಕೀಲರು, ಸಾಕ್ಷಿ ಎಲ್ಲರೂ ಇರುವ ಕೋಣೆಯಲ್ಲಿ ಈ ಒಬ್ಬರು ಕೈ ಎತ್ತಿ, “ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ” ಅನ್ನಬಹುದು. ಅನ್ನಲೇಬೇಕು. ಅದು ಅವರ ಕೆಲಸ.

ರೆಕಾರ್ಡಿಂಗ್ ಸಾಕು ಅನ್ನುತ್ತೀರಿ. ಸಾಕ್ಷಿ ತಲೆಯಾಡಿಸುತ್ತಾನೆ. ರೆಕಾರ್ಡಿಂಗ್‌ನಲ್ಲಿ ಏನು ಬಂತು? ಏನೂ ಇಲ್ಲ. ಸಾಕ್ಷಿ ಎರಡು ಕೈ ಅಗಲಿಸಿ “ಇಷ್ಟು ಉದ್ದ ಇತ್ತು” ಅನ್ನುತ್ತಾನೆ. ಎಷ್ಟು? ಪಾಟೀ ಸವಾಲು ಬಿಸಿಯಾದಾಗ ಇಬ್ಬರು ವಕೀಲರು ಒಟ್ಟಿಗೆ ಕೂಗುತ್ತಾರೆ, ನಡುವೆ ಯಾರೋ ಕೆಮ್ಮುತ್ತಾರೆ, ಉತ್ತರ ಮುಳುಗಿಹೋಗುತ್ತದೆ. ತಿಂಗಳಾದ ಮೇಲೆ ಟೇಪು ಹಾಕಿ ಕೇಳುವವರು ಯಾರನ್ನು ತಡೆಯಬೇಕು? ಸಾಕ್ಷಿ ಮನೆಗೆ ಹೋಗಿಯಾಗಿದೆ. ಮೇಲ್ಮನವಿ ಕೇಳುವ ನ್ಯಾಯಾಧೀಶರು ಆ ಸಾಕ್ಷಿಯ ಮುಖ ನೋಡಿರುವುದಿಲ್ಲ. ಅವರ ಮುಂದೆ ಇರುವುದು ಕಾಗದ. ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ.

ಸಾಫ್ಟ್‌ವೇರ್ ಮೇಲೆ ನನ್ನ ದೊಡ್ಡ ತಕರಾರೂ ಇದೇ. ಅದು ತಡೆದು ಕೇಳುವುದಿಲ್ಲ, ಊಹಿಸುತ್ತದೆ. 2024ರಲ್ಲಿ ಸಂಶೋಧಕರು ವಿಸ್ಪರ್ ಅನ್ನುವ, ತುಂಬಾ ಬಳಕೆಯಲ್ಲಿರುವ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿದರು. ನೂರು ಧ್ವನಿ ತುಣುಕುಗಳಲ್ಲಿ ಒಂದರಷ್ಟರಲ್ಲಿ, ಯಾರೂ ಆಡದ ಮಾತುಗಳು, ಕೆಲವು ಕಡೆ ಇಡೀ ವಾಕ್ಯಗಳು, ಬಂದಿದ್ದವು. ಮಿದುಳಿಗೆ ಪೆಟ್ಟಾಗಿ ಮಾತು ತಡವರಿಸುವವರ, ನಡುನಡುವೆ ಜಾಸ್ತಿ ಹೊತ್ತು ನಿಲ್ಲಿಸುವವರ ಧ್ವನಿಯಲ್ಲಿ ಇದು ಹೆಚ್ಚು. ಯೋಚಿಸಿ. ಒಬ್ಬರು ಕಷ್ಟಪಟ್ಟು ಮಾತು ಹುಡುಕುತ್ತಿದ್ದಾರೆ. ಆ ಮೌನವನ್ನು ಯಂತ್ರ ತನ್ನ ಮಾತಿನಿಂದ ತುಂಬುತ್ತದೆ. ಓದುವವರಿಗೆ ಅನುಮಾನವೇ ಬರುವುದಿಲ್ಲ, ಯಾಕೆಂದರೆ ವಾಕ್ಯ ನೀಟಾಗಿರುತ್ತದೆ.

ಮನುಷ್ಯರು ತಪ್ಪೇ ಮಾಡುವುದಿಲ್ಲವೇ ಅಂತ ನೀವು ಕೇಳಬಹುದು. ಮಾಡುತ್ತಾರೆ. ಫಿಲಡೆಲ್ಫಿಯಾದಲ್ಲಿ 27 ಕೋರ್ಟ್ ರಿಪೋರ್ಟರುಗಳಿಗೆ ಕಪ್ಪು ಅಮೆರಿಕನ್ನರ ಆಡುಮಾತಿನ ವಾಕ್ಯಗಳನ್ನು ಕೇಳಿಸಿ ಬರೆಸಿದರು. ಪೂರ್ತಿ ಸರಿಯಾಗಿ ಬಂದದ್ದು ನೂರಕ್ಕೆ 60 ವಾಕ್ಯಗಳಷ್ಟು ಮಾತ್ರ. 2019ರಲ್ಲಿ ಅದು ಪ್ರಕಟವಾಯಿತು. ಅದು ಕೆಟ್ಟ ಸುದ್ದಿ, ಮುಚ್ಚಿಡುವಂಥದ್ದಲ್ಲ. ಬೇರೆಯವರ ಆಡುಮಾತಿಗೆ ಕಿವಿ ಕೊಡುವುದನ್ನು ಶಾಲೆಯಲ್ಲಿ ಕಲಿಸಿರಲಿಲ್ಲ. ಕಲಿಸಬೇಕು. ಆದರೆ ಆ ಪರೀಕ್ಷೆಯಲ್ಲಿ ಅವರು ಕೇಳಿದ್ದು ರೆಕಾರ್ಡಿಂಗ್ ಅನ್ನುವುದನ್ನೂ ಗಮನಿಸಿ. ಎದುರಿಗೆ ಮನುಷ್ಯ ಇರಲಿಲ್ಲ, ‘ಏನಂದಿರಿ?’ ಅನ್ನಲು ದಾರಿ ಇರಲಿಲ್ಲ. ಮರುವರ್ಷ ಐದು ದೊಡ್ಡ ಕಂಪನಿಗಳ ಸಾಫ್ಟ್‌ವೇರುಗಳ ಮೇಲೆ ನಡೆದ ಅಧ್ಯಯನದಲ್ಲಿ, ಕಪ್ಪು ಜನರ ಮಾತಿನಲ್ಲಿ ನೂರಕ್ಕೆ 35 ಪದ ತಪ್ಪಾಗಿತ್ತು, ಬಿಳಿಯರ ಮಾತಿನಲ್ಲಿ 19. ಯಂತ್ರಕ್ಕೂ ಅದೇ ಕಿವುಡು.

ಬರೆದುಕೊಳ್ಳುವವರನ್ನು ಕೆಳಗೆ ಕೂರಿಸುವ ಅಭ್ಯಾಸ ಬಹಳ ಹಳೆಯದು. ಪ್ರಾಚೀನ ರೋಮಿನ ರಾಜಕಾರಣಿ, ಹೆಸರಾಂತ ಭಾಷಣಕಾರ ಸಿಸೆರೋನ ಬಳಿ ಟೈರೋ ಅಂತ ಒಬ್ಬನಿದ್ದ. ಅವನ ಹೆಸರಿನ ಶೀಘ್ರಲಿಪಿ ನೂರಾರು ವರ್ಷ ಬಳಕೆಯಲ್ಲಿತ್ತು. ಅವನು ಗುಲಾಮನಾಗಿದ್ದವನು, ಆಮೇಲೆ ಬಿಡುಗಡೆ ಪಡೆದವನು. ಕ್ರಿ.ಪೂ. 63ರಲ್ಲಿ ರೋಮಿನ ಆಡಳಿತ ಸಭೆಯಾದ ಸೆನೆಟ್‌ನಲ್ಲಿ ಕೇಟೋ ಅನ್ನುವ ಸದಸ್ಯ ಮಾಡಿದ ಭಾಷಣ ಉಳಿದದ್ದು, ಸಿಸೆರೋ ಸಭೆಯ ಅಲ್ಲಲ್ಲಿ ವೇಗದ ಬರಹಗಾರರನ್ನು ಕೂರಿಸಿದ್ದರಿಂದ ಅಂತ ಹಳೆಯ ದಾಖಲೆ ಹೇಳುತ್ತದೆ. ಭಾಷಣ ಮಾಡಿದವರ ಹೆಸರು ಎಲ್ಲರಿಗೂ ಗೊತ್ತು. ಅಲ್ಲಲ್ಲಿ ಕೂತು ಬರೆದವರ ಹೆಸರು ಯಾರಿಗೂ ಬೇಕಾಗಲಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಏರ್ಪಾಡು ನನಗೆ ಬಹಳ ಇಷ್ಟ. 1945ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಾಲ್ಕು ಭಾಷೆಗಳಲ್ಲಿ ಶುರುವಾದಾಗ, ಮಾತಾಡುವವರ ಮುಂದೆ ದೀಪಗಳನ್ನು ಇಟ್ಟರು. ಹಳದಿ ಹತ್ತಿದರೆ ನಿಧಾನ ಮಾಡಬೇಕು. ಕೆಂಪು ಹತ್ತಿದರೆ ನಿಲ್ಲಿಸಬೇಕು. ಅನುವಾದ ಹಿಂದೆ ಬೀಳಬಾರದು ಅಂತ ಮಾಡಿದ್ದು. ಅಷ್ಟು ದೊಡ್ಡ ನ್ಯಾಯಾಲಯ, ಅಂಥ ಅಪರಾಧಗಳ ವಿಚಾರಣೆ. ಅಲ್ಲೂ, ಮಾತು ಇನ್ನೊಬ್ಬರಿಗೆ ಸರಿಯಾಗಿ ತಲುಪುವ ತನಕ ಮಾತಾಡುವವರೇ ಕಾಯಬೇಕಿತ್ತು.

ನಮ್ಮ ಸಭೆಗಳಲ್ಲಿ ಅಂಥ ದೀಪ ಎಲ್ಲಿದೆ? ಟಿವಿ ಚರ್ಚೆಯಲ್ಲಿ ನಾಲ್ವರು ಒಟ್ಟಿಗೆ ಅರಚುತ್ತಾರೆ. ಅದನ್ನು ಯಾವ ಸ್ಟೆನೋ ತಾನೇ ಬರೆದಾನು? ಪರದೆಯ ಕೆಳಗಿನ ಅಕ್ಷರ ಓದುತ್ತಿರುವ ಕಿವಿ ಕೇಳದವರಿಗೆ ಏನು ದಕ್ಕೀತು? ಅವರು ಜೀವನವಿಡೀ ಕೇಳಿ ಬೇಸತ್ತ ಮಾತೊಂದಿದೆ: “ಬಿಡು, ಆಮೇಲೆ ಹೇಳ್ತೀನಿ.” ಎಲ್ಲರೂ ನಕ್ಕಾಗ ಇವರು ಯಾಕೆ ಅಂತ ಕೇಳುತ್ತಾರೆ, ಆಗ ಬರುವ ಉತ್ತರ ಅದು. ಲೈವ್ ಕ್ಯಾಪ್ಶನ್ ಇದ್ದರೆ ನಗು ಮುಗಿಯುವಷ್ಟರಲ್ಲಿ ಜೋಕು ಪರದೆಯ ಮೇಲೆ ಇರುತ್ತದೆ. ಅವರೂ ನಗುತ್ತಾರೆ. ಇದನ್ನು ಟೈಪಿಂಗ್ ಅನ್ನಬೇಡಿ.

ಪತ್ರಿಕೆಯವರದೂ ತಪ್ಪಿದೆ, ಹೇಳಿಬಿಡುತ್ತೇನೆ. ಫೋನ್ ರೆಕಾರ್ಡ್ ಆಗುತ್ತಿದೆಯಲ್ಲ ಅಂತ ಎದುರಿಗೆ ಕೂತವರ ಮಾತನ್ನು ಅರ್ಧ ಕಿವಿಯಲ್ಲಿ ಕೇಳುವ ಸಂದರ್ಶಕರು ಹೆಚ್ಚಾಗಿದ್ದಾರೆ. ಆಮೇಲೆ ಉದ್ಧರಣೆ ಚಿಹ್ನೆಯೊಳಗೆ, ಅವರು ಆಡದ ಚಂದದ ವಾಕ್ಯ ಕೂರುತ್ತದೆ. ಒಂದು ಸಮ್ಮೇಳನದಲ್ಲಿ ಕ್ಯಾಪ್ಶನ್ ಬರೆಯುವ ಹೆಣ್ಣುಮಗಳೊಬ್ಬರ ಪಕ್ಕ ಕೂತಿದ್ದೆ. ಭಾಷಣಕಾರರು ಇಸವಿ ತಪ್ಪು ಹೇಳಿದರು. ಇವರು ಅದನ್ನೇ ಬರೆದರು. ಆಯೋಜಕರು ಓಡಿ ಬಂದು, “ಸರಿ ಮಾಡಿ” ಅಂದರು. “ಅವರು ಸರಿ ಹೇಳಿದರೆ ಸರಿ ಬರೆಯುತ್ತೇನೆ” ಅಂದು ಕೈ ನಿಲ್ಲಿಸದೆ ಮುಂದುವರಿದರು. ಸಭೆಯಲ್ಲಿ ಕೇಳುವವರಿಗೆ ತಪ್ಪು ಇಸವಿ, ಓದುವವರಿಗೆ ಬೇರೆ ಇಸವಿ ಕೊಡಲು ಅವರು ಸಿದ್ಧರಿರಲಿಲ್ಲ. ಆಮೇಲೆ ಭಾಷಣಕಾರರು ತಾವೇ ತಿದ್ದಿಕೊಂಡರು, ಅದೂ ಪರದೆಗೆ ಬಂತು. ನಮ್ಮ ಸುದ್ದಿಮನೆಗಳಲ್ಲಿ ಈ ಶಿಸ್ತು ಇದ್ದರೆ ಎಷ್ಟೋ ಜಗಳ ಹುಟ್ಟುತ್ತಲೇ ಇರಲಿಲ್ಲ.

ಇನ್ನು ನಿಮ್ಮ ತಂಗಿಯ ಮಗಳ ವಿಷಯ. ಬುದ್ಧಿಮಾತು ಬರೆಯಲಾರೆ, ಕ್ಷಮಿಸಿ. ಕಷ್ಟ ಇದೆ ಅನ್ನುವುದನ್ನು ಮಾತ್ರ ಅವಳಿಗೆ ಮುಚ್ಚಿಡಬೇಡಿ. ವೇಗ ಒಂದು ಹಂತಕ್ಕೆ ಬಂದು ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತದೆ. ತುಂಬಾ ಜನ ಅಲ್ಲೇ ಬಿಟ್ಟುಹೋಗುತ್ತಾರೆ. ಮುಂದೆ ಈ ಕೆಲಸದ ರೂಪವೂ ಬದಲಾಗಬಹುದು, ಯಂತ್ರ ಬರೆದದ್ದನ್ನು ತಿದ್ದುವುದೇ ಜಾಸ್ತಿ ಆಗಬಹುದು. ಅದಕ್ಕೂ ಬೇಕಾಗುವುದು ಇದೇ ಕಿವಿ.

ನೀವು ಮಾಡಬಹುದಾದ ಸಹಾಯ ಒಂದಿದೆ. ಕಲಿಯುವವರಿಗೆ ದಿನಾ ಯಾರಾದರೂ ಓದಿ ಹೇಳಬೇಕು. ಗಡಿಯಾರ ಎದುರಿಗಿಟ್ಟುಕೊಂಡು, ಇವತ್ತು ನಿಮಿಷಕ್ಕೆ 60 ಪದ, ಅದು ಕೈಗೆ ಕೂತ ಮೇಲೆ 70, ಆಮೇಲೆ 80. ಪ್ರಶ್ನೆ ಒಬ್ಬರು, ಉತ್ತರ ಇನ್ನೊಬ್ಬರು ಓದಿದರೆ ಇನ್ನೂ ಒಳ್ಳೆಯದು, ತಂಗಿಯನ್ನೂ ಕೂರಿಸಿಕೊಳ್ಳಿ. ನಡುವೆ ಹುಡುಗಿ ಕೈ ಎತ್ತಿದರೆ ಸಿಟ್ಟಾಗಬೇಡಿ, ಆ ಸಾಲನ್ನು ಮತ್ತೊಮ್ಮೆ ಓದಿ.

– ಸಂಪಾದಕ