ಎಂಆರ್‌ಐನಲ್ಲಿ ಮೆನಿಸ್ಕಸ್ ಹರಿದಿದೆ, ವಿಎ ಕೊಟ್ಟಿದ್ದು 10%. ಇಷ್ಟೇನಾ?

ಪ್ರಶ್ನೆ: ಅಮೆರಿಕದ ಸೇನೆಯಲ್ಲಿ ಎಂಟು ವರ್ಷ ಇದ್ದೆ, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಬಲ ಮಂಡಿಯ ಮೆನಿಸ್ಕಸ್, ಅಂದರೆ ಮೂಳೆಗಳ ನಡುವೆ ಮೆತ್ತೆಯಂತಿರುವ ಮೆದುಮೂಳೆ, ಹರಿದಿದೆ. ಮೆಟ್ಟಿಲು ಇಳಿಯುವಾಗ ಮಂಡಿ ಸಿಕ್ಕಿಕೊಳ್ಳುತ್ತದೆ, ಸಂಜೆಗೆ ಊದುತ್ತದೆ. ಪರೀಕ್ಷೆಯ ದಿನ 110 ಡಿಗ್ರಿ ಮಡಚಿದೆ. ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, 10% ಅಂಗವೈಕಲ್ಯದ ರೇಟಿಂಗ್ ಅಂತ ಪತ್ರ ಕಳಿಸಿ ನಾಲ್ಕು ತಿಂಗಳಾಯ್ತು. ಏನು ಮಾಡಲಿ?

ಉತ್ತರ: ಎಂಆರ್‌ಐ ಎಷ್ಟೇ ಕೆಟ್ಟದಾಗಿರಲಿ, ವಿಎ ಬರೀ ಅದನ್ನು ನೋಡಿ ರೇಟಿಂಗ್ ಕೊಡುವುದಿಲ್ಲ. ಮಂಡಿಗೆ ಏನು ಮಾಡಲು ಆಗುತ್ತಿಲ್ಲ ಅನ್ನುವುದೇ ಅಲ್ಲಿ ಲೆಕ್ಕ. ಚೆನ್ನಾಗಿರುವ ಮಂಡಿ 140 ಡಿಗ್ರಿ ಮಡಚುತ್ತದೆ. ಮಡಚುವ ಲೆಕ್ಕದಲ್ಲಿ 10% ಬರಬೇಕಾದರೆ ಅದು 45ಕ್ಕೇ ನಿಲ್ಲಬೇಕು, 20% ಬೇಕಾದರೆ 30ಕ್ಕೆ. ಕುರ್ಚಿಯಲ್ಲಿ ಸರಿಯಾಗಿ ಕೂರಲೂ ಆಗದ ಮಂಡಿಗೆ ಬರೀ 10%, ನೋಡಿ! ನಿಮ್ಮ 110ಕ್ಕೆ ಆ ಪಟ್ಟಿಯಲ್ಲಿ ಏನೂ ಇಲ್ಲ. ಕೀಲು ಆಡಿಸುವಾಗ ನೋವಿದ್ದರೆ ಕನಿಷ್ಠ ರೇಟಿಂಗ್ ಕೊಡಬೇಕು ಅಂತ ಬೇರೊಂದು ನಿಯಮ ಇದೆ, ನಿಮ್ಮ 10% ಅದರಿಂದಲೇ ಬಂದಿರಬೇಕು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ ಮೆಟ್ಟಿಲಿನ ಮಾತು. ಮೆನಿಸ್ಕಸ್ ಜಾಗ ತಪ್ಪಿ, ಮಂಡಿ ಪದೇ ಪದೇ ಸಿಕ್ಕಿಕೊಂಡು, ನೋವು ಬಂದು, ಕೀಲಿನೊಳಗೆ ನೀರು ತುಂಬುತ್ತಿದ್ದರೆ ಅದಕ್ಕೆ 5258 ಅಂತ ಬೇರೆಯದೇ ಕೋಡ್ ಇದೆ. ಅದರಲ್ಲಿ ಇರುವುದು ಒಂದೇ ರೇಟಿಂಗ್, 20%. ಒಂದೇ ನೋವಿಗೆ ಎರಡು ಸಲ ಕೊಡುವುದಿಲ್ಲ, ಆದರೆ ಇದು 10%ಗಿಂತ ವಾಸಿ ಅಲ್ವಾ? 2025ರ ದರದಲ್ಲಿ 10% ಅಂದರೆ ತಿಂಗಳಿಗೆ 175.51 ಡಾಲರ್, 20% ಅಂದರೆ 346.95 ಇತ್ತು. ನಿಂತಲ್ಲೇ ಮಂಡಿ ವಾಲಿ ಕೈಕೊಡುವುದೂ ಇದ್ದರೆ ಅದನ್ನು ಅಸ್ಥಿರತೆ ಅಂತ ಪ್ರತ್ಯೇಕವಾಗಿ ಕೇಳಬಹುದು. ಅಲ್ಲಿ ಜಾಸ್ತಿ ರೇಟಿಂಗ್‌ಗೆ ಡಾಕ್ಟರ್ ಬರೆದುಕೊಟ್ಟ ಬ್ರೇಸ್ ಅಥವಾ ಊರುಗೋಲು ಬೇಕು, ಅಂಗಡಿಯಿಂದ ನೀವೇ ತಂದಿದ್ದು ನಡೆಯುವುದಿಲ್ಲ.

ಇನ್ನು ವಿಎ ಮತ್ತೆ ಪರೀಕ್ಷೆಗೆ ಕರೆದರೆ ಹೇಗೆ ಅನ್ನುವ ವಿಷಯ. ನಮ್ಮವರಿಗೆ ಒಂದು ಚಾಳಿ, "ಹೇಗಿದ್ದೀರಿ" ಅಂದರೆ ಸುಮ್ನೆ "ಪರವಾಗಿಲ್ಲ, ಚೆನ್ನಾಗಿದ್ದೀನಿ" ಅಂದುಬಿಡುತ್ತೇವೆ. ಅದು ಹಾಗೇ ವರದಿಗೆ ಹೋಗಿ ಕೂರುತ್ತದೆ. ಡಿಗ್ರಿ ಅಳೆಯುವ ಪಟ್ಟಿ ಹಿಡಿದು ಮಂಡಿ ಮಡಚಿ ಅಂದಾಗ ಹಲ್ಲು ಕಚ್ಚಿಕೊಂಡು ಕೊನೆವರೆಗೂ ಮಡಚಬೇಡಿ, ನೋವು ಎಲ್ಲಿ ಶುರುವಾಯಿತೋ ಅಲ್ಲೇ ಹೇಳಿ. ನೋವು ಕೆರಳಿದ ದಿನ ಎಷ್ಟು ಮಡಚಲು ಆಗುತ್ತದೆ, ತಿಂಗಳಿಗೆ ಎಷ್ಟು ಸಲ ಹೀಗಾಗುತ್ತದೆ, ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನೂ ಹೇಳಿ. ಅವತ್ತು ಮಂಡಿ ಸುಮ್ಮನಿದ್ದರೂ ಪರೀಕ್ಷಕರು ಅದನ್ನೆಲ್ಲ ಕೇಳಿ ಅಂದಾಜು ಬರೆಯಬೇಕು, 2017ರಲ್ಲಿ ಅಲ್ಲಿನ ಮಾಜಿ ಸೈನಿಕರ ಕೋರ್ಟ್ ಹೇಳಿದ್ದೇ ಇದನ್ನು.

ಮೊದಲ ಕ್ಲೇಮ್‌ನ ತಾರೀಖು ಉಳಿಸಿಕೊಂಡು ಈ ತೀರ್ಮಾನವನ್ನು ಪ್ರಶ್ನಿಸಲು ಪತ್ರದ ತಾರೀಖಿನಿಂದ ಒಂದು ವರ್ಷ ಟೈಮ್ ಇದೆ, ನಿಮಗೆ ಇನ್ನೂ ಎಂಟು ತಿಂಗಳು. ಮೇಲಿನ ಹಂತದ ಮರುಪರಿಶೀಲನೆಗೆ ಹೋಗಬೇಡಿ, ಅಲ್ಲಿ ಹೊಸ ದಾಖಲೆ ತೆಗೆದುಕೊಳ್ಳುವುದಿಲ್ಲ. ಮಂಡಿ ಸಿಕ್ಕಿಕೊಳ್ಳುವುದು, ಊದುವುದು ಎರಡನ್ನೂ ಡಾಕ್ಟರ್ ಹತ್ತಿರ ಬರೆಸಿಕೊಂಡು ಸಪ್ಲಿಮೆಂಟಲ್ ಕ್ಲೇಮ್, ಅಂದರೆ ಹೊಸ ದಾಖಲೆ ಕೊಟ್ಟು ಮತ್ತೆ ಕೇಳುವ ಅರ್ಜಿ, ಹಾಕಿ. ಮೆಟ್ಟಿಲ ಮೇಲೆ ನೀವು ರೇಲಿಂಗ್ ಹಿಡಿದು ನಿಂತುಬಿಡುವುದನ್ನು ಮನೆಯವರು ನೋಡಿರುತ್ತಾರೆ, ಅವರಿಂದಲೂ ಒಂದು ಹೇಳಿಕೆ ಬರೆಸಿ ಜೊತೆಗಿಡಿ.